ಫೈರ್‌ಪ್ಲೇಸಿನ ಹಲಗಿ, ಅವ್ವನ ಗುಂಡಿ ಡಬ್ಬಿ

ಮನ್ಯಾಗ ಕ್ರಿಕೆಟ್ ನೋಡೋ ಗಂಡಸರು, ಹುಡುಗರು ಇದ್ದೋರಿಗೆಲ್ಲಾ ಒಂದು ಹಾಡು ಗೊತ್ತೇ ಇರ್ತದ. ಎರಡು ಸಲ ಕಾಲು ಕುಟ್ಟೋದು, ಒಂದು ಸಲ ಚಪ್ಪಾಳಿ ಹೊಡಿಯೋದು. ‘ವಿ ವಿಲ್ ರಾಕ್ ಯೂ’ ಅಂತ ಅದರ ಹೆಸರು. ಹೆಸರು ಗೊತ್ತಿರದಿದ್ರೂ ಆ ಧಡ್ ಧಡ್ ಚಟ್ ಅನ್ನೋ ಸಪ್ಪಳ ಕೇಳೇ ಇರ್ತೀರಿ. 1977ರ ಹಾಡು ಅದು. ಬಹುತೇಕ ಕಾಲು, ಕೈ, ದನಿ ಇಷ್ಟರ ಮ್ಯಾಲೇ ನಡೀತದ. ಕಡೀಕೆ ಒಂದು ಗಿಟಾರ್ ಒದರಿಕೋತ ಬರ್ತದ. ನಾ ಇವತ್ತು ಹೇಳೋದು ಆ ಗಿಟಾರಿನ ಕಥಿ. ಅದು ಯಾವ ಕಂಪನಿಯೂ ಮಾಡಿದ್ದಲ್ಲ. 16 ವರ್ಷದ ಹುಡುಗ ಒಬ್ಬ, ಅವರಪ್ಪನ ಜೋಡಿ ಕೂತು ಮನ್ಯಾಗ ಮಾಡಿದ್ದು. ಅದರ ಕುತ್ತಿಗಿ ಆದದ್ದು ಯಾರೋ ಪರಿಚಯದವರ ಮನಿಯ ಫೈರ್‌ಪ್ಲೇಸಿನ ಮ್ಯಾಲಿಂದ ಕಿತ್ತಿ ಒಗೀಲಿಕ್ಕೆ ಇಟ್ಟ ಹಲಗಿಯಿಂದ.

ಹುಡುಗನ ಹೆಸರು ಬ್ರಯಾನ್ ಮೇ. 1947ರ ಜುಲೈ 19ಕ್ಕೆ ಹುಟ್ಟಿದವ. ಲಂಡನ್ನಿನ ಪಶ್ಚಿಮದ ಅಂಚಿಗೆ ಫೆಲ್ಥಮ್ ಅಂತ ಒಂದು ಊರದ, ಅಲ್ಲೇ ಬೆಳೆದ. ಮುಂದ 1970ರಾಗ ‘ಕ್ವೀನ್’ ಅನ್ನೋ ಗುಂಪು ಕಟ್ಟಿದವರಾಗ ಇಂವ ಒಬ್ಬ. ಆ ಗುಂಪಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ನಿಮಗ ಗೊತ್ತಿರಬಹುದು, ಪಾರ್ಸಿ ಮನಿತನದವ, ಹುಟ್ಟಿದ್ದು ಝಾಂಜಿಬಾರಿನಾಗ, ಸಾಲಿ ಕಲಿತದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯೊಳಗ. ಅದು ಬ್ಯಾರೆ ಕಥಿ, ಇನ್ನೊಂದು ಸಲ ಹೇಳ್ತೀನಿ.

ಬ್ರಯಾನನ ಅಪ್ಪ ಹೆರಾಲ್ಡ್ ಮೇ. ಸರಕಾರದ ವಿಮಾನ ಖಾತೆಯೊಳಗ ನಕಾಶಿ ತಗಿಯೋ ಕೆಲಸ. ಎಲೆಕ್ಟ್ರಾನಿಕ್ಸ್ ಭಾಳ ಛಲೋ ಗೊತ್ತಿತ್ತು. ಮನ್ಯಾಗಿನ ಟಿವಿ ಸೈತ ಅವರೇ ಕೂಡಿಸಿ ಮಾಡಿದ್ದಂತ. ತಾಯಿ ರೂತ್, ಸ್ಕಾಟ್ಲೆಂಡ್ ಕಡೆಯವರು. ಅಪ್ಪಗ ಯುಕೆಲೆಲಿ ಅನ್ನೋ ಸಣ್ಣ ತಂತಿವಾದ್ಯ ಬಾರಸ್ಲಿಕ್ಕೆ ಬರ್ತಿತ್ತು, ಮಗಗೂ ಅದನ್ನ ಕಲಿಸಿದ್ರು. 7ನೇ ಹುಟ್ಟುಹಬ್ಬಕ್ಕ ಹುಡುಗಗ ಒಂದು ಸಾದಾ ಗಿಟಾರ್ ಬಂತು. ಆದ್ರ 60ರ ದಶಕ ಶುರು ಆಗೋದ್ರಾಗ ಓಣಿ ಹುಡುಗರೆಲ್ಲಾ ಕರೆಂಟಿನ ಗಿಟಾರಿಗೆ ಬಾಯಿ ಬಿಡ್ಲಿಕ್ಕೆ ಹತ್ತಿದ್ರು. ಅಮೆರಿಕಾದ ಫೆಂಡರ್ ಕಂಪನಿಯ ಗಿಟಾರ್ ಅಂದ್ರ ಎಲ್ಲಾರಿಗೂ ಕನಸು. ಹೆರಾಲ್ಡ್ ಅವರ ಪಗಾರಕ್ಕ ಅದು ನಿಲುಕೋ ಮಾತಲ್ಲ. ಹಂಗಾರ ಮನ್ಯಾಗೇ ಮಾಡೋಣು ಅಂತ ಅಪ್ಪ ಮಗ 1963ರ ಆಗಸ್ಟಿನಾಗ ಶುರು ಹಚ್ಚಿಕೊಂಡ್ರು. ಮುಗಿಯೋದ್ರಾಗ ಸುಮಾರು ಎರಡು ವರ್ಷ ಆತು. ಒಟ್ಟು ಖರ್ಚು 8 ಪೌಂಡ್ ಆಸುಪಾಸು.

8 ಪೌಂಡಿನ್ಯಾಗ ಹ್ಯಾಂಗ ಆತು ಅಂತ ಕೇಳೋರು ಆ ಕಾಲದ ಇಂಗ್ಲೆಂಡಿನ ಮನಿ ಹ್ಯಾಂಗಿತ್ತು ಅನ್ನೋದು ಜರಾ ತಿಳ್ಕೋಬೇಕು. ನಾವು ಇಂಗ್ಲೀಷರಂದ್ರ ಶ್ರೀಮಂತರು ಅಂತ ಅನ್ಕೊಂಡಿರ್ತೀವಿ. ಎರಡನೇ ಮಹಾಯುದ್ಧದೊಳಗ ಅಲ್ಲೆ ಸಕ್ಕರಿ, ಬೆಣ್ಣಿ, ಮಾಂಸ, ಚಹಾ ಎಲ್ಲಾ ರೇಷನ್ನು. ಅರಿವಿಗೆ ಸೈತ 1941ರಿಂದ 1949ರ ತನಕ ಕೂಪನ್ ಇದ್ದವು. ಆಹಾರದ ರೇಷನ್ ಪೂರಾ ಮುಗಿದದ್ದು 1954ರಾಗ. ಅಂದ್ರ ಬ್ರಯಾನಗ 7 ವರ್ಷ ಆಗೋ ತನಕ ಅವರವ್ವ ರೇಷನ್ ಚೀಟಿ ಹಿಡಕೊಂಡು ಪಾಳೆ ಹಚ್ಚಿದವರು. ಯುದ್ಧದ ನಡುವೆ, 1943ರಾಗ, ಅಲ್ಲಿನ ಸರಕಾರ ಹೆಣ್ಮಕ್ಕಳಿಗಂತ ಒಂದು ಸಣ್ಣ ಪುಸ್ತಕ ಹಂಚಿತ್ತು: ಇದ್ದದ್ದರಾಗ ನಿಭಾಯಿಸ್ರಿ, ಹರಿದದ್ದು ಹೊಲೀರಿ ಅಂತ. ಗಂಡನ ಹಳೇ ಪ್ಯಾಂಟಿನಿಂದ ಮಗಗ ಚಡ್ಡಿ, ಹಳೇ ಸ್ವೆಟರ್ ಬಿಚ್ಚಿ ಹೊಸಾ ಕಾಲಚೀಲ, ಅಂಗಿ ಒಗಿಯೋ ಮೊದಲ ಅದರ ಗುಂಡಿ ಕತ್ತರಿಸಿ ಇಟ್ಕೊಳ್ಳೋದು. ಕೌದಿ ಹೊಲಿದು ಗೊತ್ತಿದ್ದ ನಮಗ ಇದನ್ನ ಯಾವ ಸರಕಾರವೂ ಹೇಳಿಕೊಡಬೇಕಾಗಿಲ್ಲ ಬಿಡ್ರಿ. ಆದ್ರ ಆ ಗುಂಡಿ ಡಬ್ಬಿ ಮಾತ್ರ ನೆನಪಿನ್ಯಾಗ ಇಟ್ಕೊಳ್ರಿ, ಮುಂದ ಬರ್ತದ.

ಈಗ ಕುತ್ತಿಗಿ ಮಾತು. ಗಿಟಾರಿನಾಗ ಉದ್ದಕ ಹೊರಗ ಚಾಚಿಕೊಂಡು ಇರೋ ಭಾಗಕ್ಕ ನೆಕ್, ಅಂದ್ರ ಕುತ್ತಿಗಿ ಅಂತಾರ. ನೋಡ್ಲಿಕ್ಕೆ ಬರೇ ಒಂದು ಪಟ್ಟಿ. ಆದ್ರ ವಾದ್ಯದಾಗ ಎಲ್ಲಕ್ಕಿಂತ ಕಷ್ಟ ಪಡೋದು ಅದೇ. ಆರು ತಂತಿ ಶ್ರುತಿಗೆ ಬಿಗಿದ್ರ, ತೆಳು ತಂತಿ ಇದ್ರೂ, ಸುಮಾರು 40 ಕಿಲೋದಷ್ಟು ಎಳೆತ ಕುತ್ತಿಗಿ ಮ್ಯಾಲ ಬೀಳ್ತದ. 25 ಕಿಲೋ ಅಕ್ಕಿ ಚೀಲ ಇರ್ತದಲ್ಲ, ಅಂಥಾದ್ದು ಒಂದೂವರಿ ಚೀಲ ಹಗಲೂ ರಾತ್ರಿ ಜೋತಾಡಿಧಂಗ. ಕಟ್ಟಿಗಿ ಒಂದು ಕೂದಲೆಳಿಯಷ್ಟು ಬಾಗಿದ್ರೂ ಶ್ರುತಿ ಹೋತು, ತಂತಿ ಫ್ರೆಟ್ಟಿಗೆ ತಾಗಿ ಗರ್ ಅಂತದ. ಫ್ರೆಟ್ ಅಂದ್ರ ನಮ್ಮ ವೀಣಾದ ಮೆಟ್ಟು ಇದ್ದಂಗ. ಅದಕ್ಕ ಕಂಪನಿಯವರು ಕುತ್ತಿಗಿಗೆ ಕಟ್ಟಿಗಿ ಆರಿಸೋದ್ರಾಗ ಭಾಳ ಕಟ್ಟುನಿಟ್ಟು. ಫೆಂಡರಿನವರದು ಮೇಪಲ್ ಮರ, ಗಿಬ್ಸನ್ನಿನವರದು ಹೆಚ್ಚಾಗಿ ಮಹಾಗನಿ. ಕುತ್ತಿಗಿ ಮ್ಯಾಲ ಬೆರಳು ಓಡಾಡೋ ಪಟ್ಟಿಗೆ ಬೀಟೆ, ಇಲ್ಲಂದ್ರ ಕರಿಮರ, ಇಲ್ಲಂದ್ರ ಮೇಪಲ್. ಮೊದಲ ಬ್ರೆಝಿಲ್ ದೇಶದ ಬೀಟೆಗೆ ಮಾನ ಹೆಚ್ಚಿತ್ತು. ಅದು ಸಿಗೋದು ಕಷ್ಟ ಆದ ಮ್ಯಾಲ, ಅಮೆರಿಕಾದ ಮಾರ್ಟಿನ್ ಕಂಪನಿಯವರು 1969ರಿಂದ ನಮ್ಮ ದೇಶದ ಬೀಟೆಗೆ ಹೊರಳಿದ್ರು. ಪಶ್ಚಿಮ ಘಟ್ಟದಾಗ ಬೆಳೆಯೋ ಜಾತಿ ಅದು. ನಮ್ಮ ಅಜ್ಜನ ಕಾಲದ ಕುರ್ಚಿ ಮ್ಯಾಲ ಧೂಳು ಒರಸ್ತೀವಲ್ಲ, ಅದೇ.

ಬ್ರಯಾನನ ಹತ್ರ ಇವು ಯಾವೂ ಇರಲಿಲ್ಲ. ಸಿಕ್ಕದ್ದು ಫೈರ್‌ಪ್ಲೇಸಿನ ಹಲಗಿ. ಥಂಡಿ ದೇಶದಾಗ ಬೈಠಕ್ ಖೋಲ್ಯಾಗ ಗ್ವಾಡಿ ಒಳಗ ಬೆಂಕಿಗೂಡು ಇರ್ತದ, ಅದರ ಸುತ್ತ ಕಟ್ಟಿಗಿ ಚೌಕಟ್ಟು, ಮ್ಯಾಲೊಂದು ದಪ್ಪ ಹಲಗಿ. ಅದರ ಮ್ಯಾಲ ಗಡಿಯಾರ, ಫೋಟೋ, ಮದುವಿ ಮುಂಜಿವಿ ಕಾಗದ ಇಡ್ತಾರ. ನಮ್ಮಲ್ಲೆ ಟಿವಿ ಮ್ಯಾಲಿನ ಶೋಕೇಸ್ ಇದ್ದಂಗ ತಿಳೀರಿ. ಆಗ ಗ್ಯಾಸಿನ ಒಲಿ, ಕರೆಂಟಿನ ಒಲಿ ಬರ್ಲಿಕ್ಕೆ ಹತ್ತಿ ಹಳೇ ಫೈರ್‌ಪ್ಲೇಸ್ ಕಿತ್ತಿ ಒಗಿಯೋದು ಅಲ್ಲೆ ಮನಿಮನಿಗೂ ನಡೆದಿತ್ತು. ಹಿಂಗೇ ಪರಿಚಯದವರ ಮನಿಯಿಂದ ಬಂದ ಮಹಾಗನಿ ತುಂಡು ಅದು, ನೂರು ವರ್ಷಕ್ಕೂ ಹಳೇದು. ಕಟ್ಟಿಗಿ ಜಾತಿ ಹೊಸದಲ್ಲ, ಗಿಬ್ಸನ್ನಿನವರೂ ಮಹಾಗನಿನೇ ಹಾಕ್ತಿದ್ರಲ್ಲ. ವಿಚಿತ್ರ ಏನಂದ್ರ ಅದು ಬಂದ ಜಾಗಾ, ಮತ್ತ ಅದರ ಮೈತುಂಬ ಹುಳ ಕೊರೆದ ತೂತು. ಯಾವ ಕಾರಖಾನಿಯವನೂ ಹುಳ ಬಿದ್ದ ಕಟ್ಟಿಗಿಯಿಂದ ಕುತ್ತಿಗಿ ಮಾಡಂಗಿಲ್ಲ. ಇವರು ಏನ್ ಮಾಡಿದ್ರು? ಆ ತೂತಿನ್ಯಾಗ ಬೆಂಕಿಕಡ್ಡಿ ಹೆಟ್ಟಿ ಮುಚ್ಚಿದ್ರು.

ಇದನ್ನ ಎಲ್ಲಾರೂ ಬಡತನದ ಚಮತ್ಕಾರ ಅಂತ ಹೇಳ್ತಾರ. ನನಗ ಹಂಗ ಅನಸಂಗಿಲ್ಲ. ಹಳೇ ವಾಡೆ ಕೆಡವಿದಾಗ ಅದರ ಸಾಗವಾನಿ ತೊಲಿ, ಜಂತಿ, ಚೌಕಟ್ಟು ಕೊಳ್ಳಲಿಕ್ಕೆ ಮಂದಿ ಪಾಳೆ ಹಚ್ಚಿ ನಿಲ್ಲೋದು ನಾವೆಲ್ಲಾ ನೋಡೇವಿ. ಹೊಸಾ ಬಾಗಲಾ ಮಾಡಿಸಿದ್ರ ಮೊದಲನೇ ಮಳಿಗಾಲಕ್ಕ ಉಬ್ಬಿ, ಹಾಕಲಿಕ್ಕೆ ಬರದಂಗ ಆಗ್ತದ; ಅಜ್ಜನ ಕಾಲದ ಬಾಗಲಾ ಅಲ್ಲಾಡಂಗಿಲ್ಲ. ಯಾಕಂದ್ರ ಹಸಿ ಕಟ್ಟಿಗಿ ಒಳಗಿನ ನೀರು ಆರೋ ಮುಂದ ಸೊಟ್ಟ ಆಗ್ತದ, ತಿರಚಿಕೋತದ. ಎಷ್ಟೋ ವರ್ಷ ಬಿಸಿಲು, ಗಾಳಿ, ಮಳಿ ಉಂಡ ಕಟ್ಟಿಗಿ ತಾ ಬಾಗೋದೆಲ್ಲಾ ಬಾಗಿ ಮುಗಿಸಿರ್ತದ. ಇದಂತೂ ನೂರು ಚಳಿಗಾಲ ಬೆಂಕಿ ಮ್ಯಾಲ ಕೂತು ಕಾದು ಕಾದು ಆರಿದ್ದು. ನಮ್ಮ ಕಡೆ ವೀಣಾ ಮಾಡೋರು ಹಲಸಿನ ಮರ ಅದರಾಗೂ ಬಲಿತ ಹಳೇ ಮರನ್ನೇ ಹುಡುಕೋದು ಯಾಕ? ಅಂದಮ್ಯಾಲ ಆ ಹುಡುಗಗ ಸಿಕ್ಕದ್ದು ತಿಪ್ಪಿ ಸಾಮಾನಲ್ಲ, ಕಂಪನಿಯವರು ರೊಕ್ಕ ಕೊಟ್ಟು ಒಣಗಿಸೋದನ್ನ ಯಾವುದೋ ಮನಿ ಪುಕ್ಕಟೆ ಒಣಗಿಸಿ ಇಟ್ಟಿತ್ತು. ವಿಮಾನ ಖಾತೆಯೊಳಗ ದುಡಿಯೋ ಅಪ್ಪಗ ಇದು ಗೊತ್ತಿಲ್ಲದ್ದೇನಲ್ಲ. ಕೈ ಹತಾರದಿಂದ ಕೆತ್ತಿ ಕೆತ್ತಿ ಕುತ್ತಿಗಿ ಮಾಡಿದ್ರು, ಒಳಗ ಬಾಗದಂಗ ಉಕ್ಕಿನ ಸಲಾಕಿ ಕೂಡಿಸಿದ್ರು. ಬಾಕಿ ಗಿಟಾರಿಗೆ ಹೋಲಿಸಿದ್ರ ಭಾಳ ದಪ್ಪ ಕುತ್ತಿಗಿ ಅದು, ಹಿಡಿಯೋ ಅಷ್ಟು ಅಗಲನೂ ಹೌದು. ಇನ್ನಷ್ಟು ಕೀಸಿದ್ರ ಸಣ್ಣ ಆಗ್ತಿತ್ತು, ಆದ್ರ ಹುಡುಗನ ಕೈಗೆ ಅದೇ ಹಿತ ಆತು.

ಮಹಾಗನಿ ಅಂದ ಮ್ಯಾಲ ಇನ್ನೊಂದು ಮಾತು ಹೇಳದ ಮುಂದ ಹೋಗ್ಲಿಕ್ಕೆ ಮನಸ್ಸಾಗವಲ್ದು. ಈಗ ನಮ್ಮ ರೈತರೂ ಹೊಲದ ಬದುವಿಗೆ ಮಹಾಗನಿ ಹಚ್ಚಲಿಕ್ಕೆ ಹತ್ಯಾರ, ಹಿಂಗಾಗಿ ಹೆಸರು ನಮಗ ಪರಿಚಯ ಅದ. ಆದ್ರ ಅದು ಇಂಗ್ಲೆಂಡಿನ ಮರನೂ ಅಲ್ಲ, ನಮ್ಮ ಮರನೂ ಅಲ್ಲ. ಅದರ ತವರಮನಿ ಕೆರಿಬಿಯನ್ ದ್ವೀಪಗಳು ಮತ್ತ ಅಮೆರಿಕಾ ಖಂಡದ ನಡುವಿನ ಕಾಡು. 1721ರಾಗ ಬ್ರಿಟನ್ನಿನ ಸಂಸತ್ತು ಅಮೆರಿಕಾ ಕಡೆಯ ತನ್ನ ವಸಾಹತುಗಳಿಂದ ಬರೋ ಕಟ್ಟಿಗಿ ಮ್ಯಾಲಿನ ಸುಂಕ ತಗದು ಹಾಕಿತು. ಆಮ್ಯಾಲ ಜಮೈಕಾದಿಂದ ಮಹಾಗನಿ ಹಡಗುಗಟ್ಟಲೆ ಬಂತು, ಅಲ್ಲಿದು ಕಡಿಮಿ ಆದಂಗ ಹೊಂಡುರಾಸ್ ಕೊಲ್ಲಿಯಿಂದ, ಅಂದ್ರ ಈಗಿನ ಬೆಲೀಝ್ ದೇಶದ ಕಡೆಯಿಂದ. ಶ್ರೀಮಂತರ ಮನಿ ಊಟದ ಮೇಜು, ಕುರ್ಚಿ, ಕಪಾಟು, ಮೆಟ್ಟಲದ ಕಟಾಂಜನ, ಫೈರ್‌ಪ್ಲೇಸಿನ ಚೌಕಟ್ಟು, ಎಲ್ಲಾ ಮಹಾಗನಿ.

ಕಡಿದವರು ಯಾರು? ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಕಾಡಿನ್ಯಾಗ ಈ ಮರ ಗುಂಪಾಗಿ ಬೆಳಿಯಂಗಿಲ್ಲ, ಅಲ್ಲೊಂದು ಇಲ್ಲೊಂದು. ಆಗಸ್ಟ್ ಸುಮಾರಿಗೆ ಅದರ ಎಲಿ ಬಣ್ಣ ತಿರಗ್ತದಂತ. ಆಗ ಒಬ್ಬ ಜಾಣ ಗುಲಾಮ ಎಲ್ಲಾಕ್ಕಿಂತ ಎತ್ತರದ ಮರ ಹತ್ತಿ, ಕಣ್ಣು ಹಾಯೋ ತನಕ ನೋಡಿ, ಯಾವ ದಿಕ್ಕಿನ್ಯಾಗ ಮಹಾಗನಿ ಅದ ಅಂತ ಗುರುತು ಹಿಡಿದು ಇಳೀತಿದ್ದ. ಬ್ಯಾಸಿಗ್ಯಾಗ ನೆಲ ಗಟ್ಟಿ ಇದ್ದಾಗ ದಿಮ್ಮಿಗಳನ್ನ ಎತ್ತಿನ ಗಾಡಿ ಮ್ಯಾಲ ಎಳೀಬೇಕು. ಹಗಲಿನ ಬಿಸಿಲಿಗೆ ಎತ್ತು ತಡಿಯಂಗಿಲ್ಲ ಅಂತ ರಾತ್ರಿ ಪಂಜು ಹಿಡಕೊಂಡು ಎಳಿಸ್ತಿದ್ರು. ಎತ್ತಿಗೆ ಬಿಸಿಲು ತಡಿಯಂಗಿಲ್ಲ ಅನ್ನೋದು ಗೊತ್ತಿತ್ತು ಅವರಿಗೆ. ಆಮ್ಯಾಲ ಮಳಿ ಬಂದು ಹೊಳಿ ತುಂಬಿದ ಮ್ಯಾಲ ದಿಮ್ಮಿ ನೀರಿಗೆ ಬಿಟ್ಟು ಸಮುದ್ರದ ದಂಡಿಗೆ ತರೋದು. ಬ್ರಿಟನ್ನಿನ ವಸಾಹತುಗಳಾಗ ಗುಲಾಮಗಿರಿ ತಗಿಯೋ ಕಾಯ್ದೆ ಜಾರಿಗೆ ಬಂದದ್ದು 1834ಕ್ಕ, ಪೂರಾ ಬಿಡುಗಡಿ ಆದದ್ದು 1838ಕ್ಕ. ಫೈರ್‌ಪ್ಲೇಸಿನ ಆ ಒಂದು ಹಲಗಿ ಯಾವ ಕಾಡಿಂದು, ಯಾರ ಕೊಡಲಿ ಏಟಿಂದು ಅಂತ ಬರೆದಿಟ್ಟವರಿಲ್ಲ. ಆದ್ರ ಹಳೇ ಇಂಗ್ಲೀಷ್ ಮನಿಯ ಮಹಾಗನಿ ಸಾಮಾನು ಬಹುತೇಕ ಇದೇ ಹಾದಿಯಿಂದ ಬಂದದ್ದು. ಗಿಟಾರಿನ ಕಥಿ ಹೇಳೋರು ಅದನ್ನ ಫೈರ್‌ಪ್ಲೇಸಿನಿಂದ ಶುರು ಮಾಡ್ತಾರ. ಕಥಿ ಅದಕ್ಕಿಂತ ಭಾಳ ಹಿಂದಿಂದ ಅದ.

ಇನ್ನ ಬೆರಳು ಓಡಾಡೋ ಪಟ್ಟಿ. ಬೀಟೆ ಸಿಗಲಿಲ್ಲ, ಓಕ್ ಮರದ ಪಟ್ಟಿ ಹಾಕಿದ್ರು. ಓಕ್ ಅಂದ್ರ ಆ ಕಡೆಯ ಗಟ್ಟಿ ಮರ, ಮೇಜು, ಪೀಪಾಯಿ ಮಾಡೋದು. ಗಿಟಾರಿಗೆ ಹಾಕೋ ಪದ್ಧತಿ ಇಲ್ಲ. ಕರಿಮರದಂಗ ಕಾಣಲಿ ಅಂತ ಕರಿ ಬಣ್ಣ ಬಳಿದು, ಮ್ಯಾಲ ಪ್ಲಾಸ್ಟಿಕ್ ಪಾಲಿಶ್ ಕೊಟ್ರು. ಗಿಟಾರಿನ ಹೊಟ್ಟಿಗೂ ಹಳೇ ಓಕ್ ಮೇಜಿನ ತುಂಡು, ಉಳಿದದ್ದು ಬ್ಲಾಕ್‌ಬೋರ್ಡ್, ಅಂದ್ರ ನಮ್ಮ ಸುತಾರರು ಬಾಗಲಕ್ಕ ಹಾಕ್ತಾರಲ್ಲ ತುಂಡು ಕಟ್ಟಿಗಿ ಕೂಡಿಸಿದ ಹಲಗಿ, ಅದು. ಹಿಂದ ಮುಂದ ತೆಳು ಮಹಾಗನಿ ಪದರು ಅಂಟಿಸಿ, ಅಂಚಿಗೆ ಕಪಾಟಿನ ಹಲಗಿಗೆ ಹಚ್ಚೋ ಬಿಳಿ ಪ್ಲಾಸ್ಟಿಕ್ ಪಟ್ಟಿ ಹಚ್ಚಿದ್ರು. ದೂರಿಂದ ನೋಡಿದ್ರ ಇಡೀ ಮಹಾಗನಿ ಅನಸ್ತದ. ಆ ಕೆಂಪು ಬಣ್ಣಕ್ಕ ‘ರೆಡ್ ಸ್ಪೆಷಲ್’ ಅಂತ ಹೆಸರು ಬಂತು. ತಂತಿ ಅಲುಗಿಸೋ ಸಾಧನಕ್ಕ 1928ರ ಒಂದು ಹಳೇ ಪ್ಯಾಂಥರ್ ಮೋಟರ್ ಸೈಕಲ್ಲಿನ ಸ್ಪ್ರಿಂಗು, ಅದನ್ನ ಹಿಡಿಯೋ ಹಿಡಿಕಿಗೆ ಸೈಕಲ್ಲಿನ ಚೀಲ ತೂಗು ಹಾಕೋ ಸಲಾಕಿ. ಅಂಗಡಿಯಿಂದ ತಂದ ದೊಡ್ಡ ಸಾಮಾನು ಅಂದ್ರ ಪಿಕಪ್, ತಂತಿ ಸಪ್ಪಳ ಹಿಡಿಯೋದು. ಅದನ್ನೂ ಮೊದಲ ಅಯಸ್ಕಾಂತಕ್ಕ ತಂತಿ ಸುತ್ತಿ ತಾನೇ ಮಾಡಿದ್ದ, ಸಪ್ಪಳ ಸಮಾಧಾನ ಆಗಲಿಲ್ಲ ಅಂತ ಕಡೀಕೆ ಬರ್ನ್ಸ್ ಕಂಪನಿಯವು ಕೊಂಡ.

ಈಗ ಗುಂಡಿ ಡಬ್ಬಿಗೆ ಬರೋಣು. ಗಿಟಾರಿನ ಕುತ್ತಿಗಿ ಮ್ಯಾಲ ಬೆರಳಿಗೆ ಗುರುತು ಸಿಗಲಿ ಅಂತ ಬಿಳಿ ಚುಕ್ಕಿ ಕೂಡಿಸಿರ್ತಾರ. ಬೆಲಿಬಾಳೋ ಗಿಟಾರಿಗೆ ಅದು ಮುತ್ತಿನ ಚಿಪ್ಪಿಂದು. ಇವರಿಗೆ ಅದು ಸಿಕ್ಕದ್ದು ರೂತ್ ಅವರ ಹೊಲಿಗಿ ಡಬ್ಬಿಯೊಳಗ. ಹಿಂದ ಅಂಗಿ, ರವಿಕಿ, ಕೂಸಿನ ಝಬಲಾಕ್ಕ ಚಿಪ್ಪಿನ ಗುಂಡಿನೇ ಇರ್ತಿದ್ದವು, ನಿಮ್ಮ ಮನ್ಯಾಗೂ ಇರಬಹುದು ಹುಡುಕ್ರಿ, ಬೆಳಕಿಗೆ ಹಿಡಿದ್ರ ಹಸಿರು ಗುಲಾಬಿ ಮಿಂಚ್ತಾವ. ಆ ಗುಂಡಿ ಒಂದೊಂದೂ ಕೈಯಿಂದ ಅರೆದು, ಓಕ್ ಪಟ್ಟಿಯೊಳಗ ಕೂಡಿಸಿದ್ರು. ಮತ್ತ ಆ ಅಲುಗಿಸೋ ಹಿಡಿಕಿ ತುದಿಗೆ ಕೈಗೆ ಚುಚ್ಚದಂಗ ಒಂದು ಮುಚ್ಚಳಾ ಬೇಕಿತ್ತು. ಅದು ಅವ್ವನ ಉಲನ್ ಹೆಣಿಯೋ ಕಡ್ಡಿಯ ತುದಿ.

ಎಲ್ಲೆಲ್ಲೂ ಬರೆಯೋದು ‘ಅಪ್ಪ ಮಗ ಕೂಡಿ ಮಾಡಿದ ಗಿಟಾರ್’ ಅಂತ. ಖರೆ ಅದು, ಕೆತ್ತಿದವರು ಅವರೇ. ಆದ್ರ ಮಂದಿ ಕಣ್ಣಿಗೆ ಬೀಳೋ ಮಿಂಚೋ ಚುಕ್ಕಿ, ಅಂವ ಪ್ರತಿಯೊಂದು ಹಾಡಿಗೂ ಕೈ ಇಡೋ ತುದಿ, ಇವೆರಡೂ ಅವ್ವನ ಡಬ್ಬಿಯವು. ಎರಡು ವರ್ಷ ಮನಿಯ ಒಂದು ಖೋಲಿಯೊಳಗ ಕಟ್ಟಿಗಿ ಪುಡಿ, ಅಂಟಿನ ವಾಸನಿ, ಕೀಸೋ ಸಪ್ಪಳ ಇದ್ದಿರಬೇಕಲ್ಲ. ಆ ಪುಡಿ ಉಡುಗಿದವರು ಯಾರು ಅಂತ ನಾವು ಹೆಂಗಸರು ಕೇಳದ ಇರ್ತೀವೇನು? ಕೂಪನ್ ಕಾಲದಾಗ ಹಳೇ ಅಂಗಿಯಿಂದ ಗುಂಡಿ ಕತ್ತರಿಸಿ ಡಬ್ಬಿಗೆ ಹಾಕೋ ಆ ಹೆಣ್ಮಕ್ಕಳ ರೂಢಿ ಇಲ್ಲದಿದ್ರ, ಬರೇ ಬಿಳಿ ಬಣ್ಣದ ಚುಕ್ಕಿ ಇರ್ತಿತ್ತೇನೋ.

ಮನ್ಯಾಗಿನ ಸಾಮಾನಿನಿಂದ ಕುತ್ತಿಗಿ ಮಾಡೋದು ಇವರದೇ ಮೊದಲೇನಲ್ಲ. ಅಮೆರಿಕಾದ ದಕ್ಷಿಣ ಸೀಮಿಯೊಳಗ ಬಡವರು, ಹೆಚ್ಚಾಗಿ ಕರಿಯ ಜನ, ಖಾಲಿ ಸಿಗಾರ್ ಪೆಟ್ಟಿಗಿಗೆ ಕಸಬರಿಗಿ ಕೋಲು ಸಿಗಿಸಿ, ತಂತಿ ಕಟ್ಟಿ ಬಾರಸ್ತಿದ್ರು. ಮುಂದ ಹೆಸರು ಮಾಡಿದ ಕಾರ್ಲ್ ಪರ್ಕಿನ್ಸ್ ಅನ್ನೋ ಹಾಡುಗಾರನ ಮೊದಲನೇ ಗಿಟಾರೂ ಅವರಪ್ಪ ಸಿಗಾರ್ ಪೆಟ್ಟಿಗಿ, ಕಸಬರಿಗಿ ಕೋಲಿನಿಂದ ಮಾಡಿಕೊಟ್ಟದ್ದು. ದೊಡ್ಡ ಗಿಟಾರ್ ಬಂದ ಮ್ಯಾಲ ಇಂಥಾವು ಹೆಚ್ಚಾಗಿ ಮೂಲಿ ಸೇರತಾವ. ಬ್ರಯಾನನ ಗಿಟಾರ್ ಮೂಲಿ ಸೇರಲಿಲ್ಲ. ಕೋಟಿಗಟ್ಟಲೆ ರೊಕ್ಕ ಬಂದ ಮ್ಯಾಲೂ ಅಂವ ಬಾರಸೋದು ಅದನ್ನೇ, ಅದೂ ಆರು ಪೆನ್ನಿಯ ಹಳೇ ನಾಣ್ಯದಿಂದ. ಅದಕ್ಕ ‘ಓಲ್ಡ್ ಲೇಡಿ’ ಅಂತಾನಂತ, ಅಂದ್ರ ಮುದಕಿ.

ಗಿಟಾರ್ ಮಾಡಿಕೊಟ್ಟ ಅಪ್ಪಗ ಮಗ ಗಿಟಾರ್ ಬಾರಿಸಿ ಹೊಟ್ಟಿ ಹೊರಿಯೋದು ಮಾತ್ರ ಬ್ಯಾಡಾಗಿತ್ತು. ನನಗ ಈ ಕಥ್ಯಾಗ ಭಾಳ ಕಾಡೋದು ಇದು. ಹುಡುಗ ಶಾಣ್ಯಾ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ್ಯಾಗ ಖಗೋಳದಾಗ ಡಾಕ್ಟರೇಟಿಗೆ ಓದ್ಲಿಕ್ಕೆ ಹತ್ತಿದ್ದ. ಸೂರ್ಯನ ಸುತ್ತ ಹರಡಿಕೊಂಡ ಧೂಳಿನ ಮ್ಯಾಲ ಅವನ ಅಭ್ಯಾಸ. 70ರ ದಶಕದ ನಡುವೆ ಅದನ್ನ ಅರ್ಧಕ್ಕ ಬಿಟ್ಟು ಕ್ವೀನ್ ಜೋಡಿ ಹೊಂಟ. ಅಪ್ಪಗ ಎದಿ ಒಡಧಂಗ ಆತು. ಬೈಯಬ್ಯಾಡ್ರಿ ಅವರನ್ನ. ರೇಷನ್ ಕಾಲದಾಗ ಸಂಸಾರ ನಡೆಸಿದ ಮನಷ್ಯಾ, ಮಗಗ ಒಂದು ಪಕ್ಕಾ ನೌಕರಿ ಇರಲಿ ಅನ್ನೋದ್ರಾಗ ತಪ್ಪೇನದ? ನಮ್ಮ ಓಣ್ಯಾಗ ಇಂಜಿನಿಯರಿಂಗ್ ಬಿಟ್ಟು ತಬಲಾ ಹಿಡೀತೀನಿ ಅಂದ್ರ ನಾವು ಏನಂತೀವಿ, ಎದಿ ಮ್ಯಾಲ ಕೈ ಇಟ್ಕೊಂಡು ಹೇಳ್ರಿ. ಹವ್ಯಾಸಕ್ಕ ಎರಡು ವರ್ಷ ಕೂತು ಕೆತ್ತಿಕೊಡೋದು ಒಂದು, ಅದರ ಮ್ಯಾಲ ಮಗನ ಬಾಳೇವು ನಿಲ್ಲೋದು ಇನ್ನೊಂದು.

ಕೆಲವು ವರ್ಷ ಆದ ಮ್ಯಾಲ ಬ್ರಯಾನ್ ತಾಯಿ ತಂದಿನ್ನ ಕಾಂಕಾರ್ಡ್ ವಿಮಾನದಾಗ ನ್ಯೂಯಾರ್ಕಿಗೆ ಕರಿಸಿಕೊಂಡ. ಅಲ್ಲಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಾಗ ಸಾವಿರಾರು ಮಂದಿ ನಡುವೆ ಅವರು ಕೂತು ಮಗನ ಬಾರಿಸೋಣ ಕೇಳಿದ್ರು. ತಮ್ಮ ಖೋಲ್ಯಾಗ ಕೆತ್ತಿದ ಕಟ್ಟಿಗಿ ಅಲ್ಲೆ ಆ ಪರಿ ಒದರೋದು ಕೇಳಿ ಹೆರಾಲ್ಡ್ ಅವರು, ಆತಪ್ಪಾ, ಈಗ ತಿಳೀತು ಅನ್ನೋ ಅರ್ಥದಾಗ ಒಂದು ಮಾತು ಅಂದ್ರಂತ. ಅಷ್ಟ. ಅಪ್ಪಂದಿರು ಅದಕ್ಕಿಂತ ಹೆಚ್ಚು ಎಲ್ಲೆ ಮಾತಾಡ್ತಾರ? 1988ಕ್ಕ ಅವರು ತೀರಿಕೊಂಡ್ರು. ಅರ್ಧಕ್ಕ ಬಿಟ್ಟಿದ್ದ ಡಾಕ್ಟರೇಟನ್ನ ಮಗ 2007ರಾಗ, 60 ವರ್ಷದವ ಆದ ಮ್ಯಾಲ, ಅದೇ ಕಾಲೇಜಿನ್ಯಾಗ ಅದೇ ಧೂಳಿನ ವಿಷಯದ ಮ್ಯಾಲೇ ಮುಗಿಸಿದ. ನೋಡ್ಲಿಕ್ಕೆ ಅಪ್ಪ ಇರಲಿಲ್ಲ.

1998ರಾಗ ಗ್ರೆಗ್ ಫ್ರೈಯರ್ ಅನ್ನೋ ಆಸ್ಟ್ರೇಲಿಯಾದ ಕುಶಲಕರ್ಮಿ ಗಿಟಾರನ್ನ ಬಿಚ್ಚಿ ದುರಸ್ತಿ ಮಾಡಿದ. 30 ವರ್ಷ ದೇಶದೇಶ ಓಡಾಡಿ, ಬೆವರು ಕುಡಿದು, ಅಲ್ಲಲ್ಲೆ ಪದರು ಎದ್ದಿತ್ತು, ಬಣ್ಣ ಹೋಗಿತ್ತು. ಕುತ್ತಿಗಿ ಮಾತ್ರ ಅದೇ ಉಳೀತು. 2002ರ ಜೂನ್ 3ಕ್ಕ, ಇಂಗ್ಲೆಂಡಿನ ರಾಣಿ ಪಟ್ಟಕ್ಕ ಬಂದು 50 ವರ್ಷ ಆದ ಉತ್ಸವದಾಗ, ಬ್ರಯಾನ್ ಬಕಿಂಗ್‌ಹ್ಯಾಮ್ ಅರಮನಿಯ ಮಾಳಗಿ ಮ್ಯಾಲ ನಿಂತು ಅದೇ ಗಿಟಾರಿನ್ಯಾಗ ಅವರ ರಾಷ್ಟ್ರಗೀತೆ ಬಾರಿಸಿದ. ವಿಡಿಯೋ ಸಿಗ್ತದ, ಮಕ್ಕಳಿಗೆ ಹೇಳಿ ಹಚ್ಚಿಸಿಕೊಂಡು ನೋಡ್ರಿ. ಗಾಳಿಗೆ ಅವನ ಗುಂಗುರು ಕೂದಲಾ ಹಾರಾಡೋದನ್ನ ನೋಡಿಕೋತ ಕೂಡಬ್ಯಾಡ್ರಿ. ಎಡಗೈ ಕೆಳಗ, ಕರಿ ಪಟ್ಟಿ ಮ್ಯಾಲ ಬಿಳಿ ಚುಕ್ಕಿ ಕಾಣ್ತಾವ. ಅವು ರೂತ್ ಬಾಯಿಯವರ ಗುಂಡಿ.